ಹ ಇಲ್ಲದ ಹೆದೆ

ಹತ್ತು ದಿನದ ಹಿಂದೆ ಬೆಳಗ್ಗೆ ಬಚ್ಚಲುಮನೆ ಬಾಗಿಲು ತೆಗೆದ್ರೆ ಅದೇ ವಾಸನೆ. ಕೊಳೆತ ಎಲೆ, ನಿಂತ ನೀರು, ಅದರೊಳಗೆ ಒಂಚೂರು ಹಸಿ ಸೌತೆಕಾಯಿ ಥರ ಏನೋ. ಮೂಲೇಲಿ ನೀಲಿ ಬಕೆಟ್ಟು, ಅದರ ಮೇಲೆ ದೊಡ್ಡ ತಟ್ಟೆ, ತಟ್ಟೆ ಮೇಲೆ ಭಾರಕ್ಕೆ ಒಂದು ಕಲ್ಲು. ನಾನು ಇಟ್ಟಿದ್ದಲ್ಲ. ತಟ್ಟೆ ಎತ್ತಿ ನೋಡ್ದೆ. ಉದ್ದುದ್ದ ಎಲೆಗಳು, ಹಾವಿನ ಮೈಮೇಲೆ ಇರೋ ಥರ ಪಟ್ಟೆ ಪಟ್ಟೆ, ಅರ್ಧ ಕೊಳೆತು ಲೋಳೆ ಬಿಟ್ಟಿದ್ವು. ನಾನು ಅಲ್ಲೇ ಸ್ಟೂಲ್ ಮೇಲೆ ಕೂತ್ಬಿಟ್ಟೆ. ಸ್ನಾನಕ್ಕೆ ಹೋದೋಳು ಅರ್ಧ ಗಂಟೆ ಆದ್ರೂ ನೀರಿನ ಸದ್ದಿಲ್ಲ ಅಂತ ಸೊಸೆ ಸವಿತಾ ಬಾಗಿಲು ಬಡಿದ್ಲು.

"ಅತ್ತೆ, ಬಿದ್ರಾ?"

"ಬಿದ್ದಿದ್ರೆ ಸದ್ದು ಬರ್ತಿರ್ಲಿಲ್ವಾ? ಓಗು, ಕುಕ್ಕರ್ ನೋಡು."

ಬಕೆಟ್ ಇಟ್ಟಿದ್ದೋಳು ಸಿಂಚನ, ನನ್ನ ಮೊಮ್ಮಗಳು. ಒಂದು ವರ್ಷದಿಂದ ಬಿಲ್ಲು ಮುಟ್ಟದೇ ಇದ್ದೋಳು ಯಾರಿಗೂ ಹೇಳದೆ ಎಲೆ ನೆನೆ ಹಾಕಿದಾಳೆ ಅಂದ್ರೆ, ಈ ದಸರಾಕ್ಕೆ ಹೆದೆ ಹೊಸೆಯೋ ಮನಸ್ಸಾಗಿದೆ. ಅದು ಒಬ್ಬರ ಕೈಲಿ ಆಗೋ ಕೆಲಸ ಅಲ್ಲ. ಇನ್ನೊಂದು ತುದಿ ಹಿಡ್ಕೊಳ್ಳೋಕೆ ನನ್ನನ್ನ ಕರೆದೇ ಕರೀತಾಳೆ. ಎದುರುಬದುರು ಕೂರ್ಬೇಕು. ಕೂತ್ರೆ ಕೇಳ್ತಾಳೆ, ಹೋದ ವರ್ಷ ಅವತ್ತು ಬೆಳಗ್ಗೆ ತಾತ ಏನಂದ್ರು ಅಂತ. ಆ ಮಾತನ್ನ ನಾನು ಅಲ್ಲೀವರೆಗೂ ಯಾರಿಗೂ ಹೇಳಿರ್ಲಿಲ್ಲ. ಮಗನಿಗೆ ಹೇಳಿರ್ಲಿಲ್ಲ, ಡಾಕ್ಟರಿಗೂ ಹೇಳಿರ್ಲಿಲ್ಲ.

ಹೆದೆ ಅಂದ್ರೆ ಬಿಲ್ಲಿಗೆ ಕಟ್ಟೋ ಹುರಿ. ಬರೆಯುವಾಗ ಹ ಹಾಕಿದೀನಿ ನೋಡಿ. ಫೋನಲ್ಲಿ ಟೈಪ್ ಮಾಡೋದು ಕಲಿಸುವಾಗ ಸಿಂಚನ ಮೊದಲು ತೋರಿಸಿದ್ದೇ ಹ ಎಲ್ಲಿದೆ ಅಂತ. ಬೆರಳಿಗೆ ಬಂತು, ಬಾಯಿಗೆ ಮಾತ್ರ ಬರಲ್ಲ. ನಾವು ಹಳೇ ಕೆಂಗೇರಿ ಜನ, ಈಗ ಉಪನಗರದಲ್ಲಿ ಮನೆ ಕಟ್ಟಿಸಿದೀವಿ ಅಷ್ಟೇ. ನಮ್ಮ ಬಾಯಲ್ಲಿ ಹಾಲು ಆಲು, ಹೂವು ಊವು. ಹೆದೆನೂ ಅಷ್ಟೇ, ಎದೆ. ನಮ್ಮತ್ತೆ, ನಮ್ಮ ಯಜಮಾನ್ರು, ನಾನು, ಮೂರೂ ಜನ ಹಂಗೇ ಅಂತಿದ್ವಿ. ಎದೆ ಏರ್ಸು, ಎದೆ ಇಳ್ಸು, ಎದೆಗೆ ಮೇಣ ತಿಕ್ಕು. ಹೊರಗಿನೋರು ಕೇಳಿಸ್ಕೊಂಡ್ರೆ ಏನಂದ್ಕೋತಿದ್ರೋ, ನಮಗೇನು ನಗು ಬರ್ತಿರ್ಲಿಲ್ಲ.

ಯಜಮಾನ್ರು ನಾಯಂಡಹಳ್ಳಿಲಿ ಒಂದು ಮರದ ಮಿಲ್ಲಲ್ಲಿ ಬಡಗಿಯಾಗಿ ದುಡಿದೋರು. ವಿಜಯದಶಮಿ ದಿನ ಹಳೇ ಊರಿನ ನಮ್ಮ ಬೀದಿ ಗುಡಿ ಮುಂದೆ ಒಂದು ಬಾಳೆ ಗಿಡ ನೆಟ್ಟು ಅದಕ್ಕೆ ಅಂಬು ಹೊಡೀತಾರೆ. ಬಿಲ್ಲು ನಮ್ಮನೇದು, ಹೊಡೆಯೋರೂ ನಮ್ಮನೆಯೋರೇ. ನಮ್ಮ ಮಾವನ ಕಾಲದ ಬಿಲ್ಲೊಂದಿತ್ತು. ಅದರ ಹುರಿ ಇಲಿ ಕಡಿದಿತ್ತು ಅಂತ ನನ್ನ ಮಗ ಮಹೇಶ ತನ್ನ ಹಾರ್ಡ್‌ವೇರ್ ಅಂಗಡಿಯಿಂದ ಸಣ್ಣ ಸ್ಟೀಲ್ ತಂತಿ ತಂದು ಬಿಗಿದ. "ಇದು ಜನ್ಮದಲ್ಲಿ ಕಿತ್ತೋಗಲ್ಲ ಅಪ್ಪ" ಅಂದ. ನಿಜ, ತಂತಿ ಕಿತ್ತೋಗ್ಲಿಲ್ಲ. ಎಲ್ಲರ ಎದುರಿಗೆ ಬಿಲ್ಲು ಕಬ್ಬಿನ ಥರ ಲಟ್ ಅಂತು. ಯಜಮಾನ್ರು ಬೈಲಿಲ್ಲ. ಎರಡು ತುಂಡನ್ನೂ ಟವೆಲ್ಲಲ್ಲಿ ಸುತ್ಕೊಂಡು ಮನೆಗೆ ಬಂದು ಇಷ್ಟೇ ಅಂದ್ರು: "ದಾರ ಓದ್ರೆ ಇನ್ನೊಂದು ದಾರ. ಬಿಲ್ಲು ಓದ್ರೆ ಏನ್ ಮಾಡ್ತೀಯೋ? ಸೋಲೋದಿದ್ರೆ ಎದೆ ಸೋಲ್ಬೇಕು ಕಣೋ, ಬಿಲ್ಲು ಸೋಲ್ಬಾರ್ದು."

ಆಮೇಲೆ ಎರಡು ವರ್ಷ ಟೆರೇಸ್ ಮೇಲೆ ಕೂತು ಹೊಸ ಬಿಲ್ಲು ಕೆತ್ತಿದ್ರು. ತಡಸಲು ಮರ. ಎಲ್ಲಿಂದಲೋ ಹುಡುಕಿ ತಂದು, ನೆರಳಲ್ಲಿ ಒಣಗಿಸಿ, ದಿನಕ್ಕೆ ಒಂದಿಷ್ಟೇ ಹೆರೆಯೋರು. ನಾನು ಬಟ್ಟೆ ಒಣಗಿ ಹಾಕೋಕೆ ಹೋದಾಗೆಲ್ಲ, "ಇನ್ನೂ ಮುಗೀಲಿಲ್ವಾ? ಇಷ್ಟೊತ್ತಿಗೆ ಒಂದು ಮಂಚ ಮಾಡ್ಬೋದಿತ್ತು" ಅಂತ ಕೆಣಕ್ತಿದ್ದೆ. "ಮಂಚದ ಮೇಲೆ ಮಲ್ಗಿ ನೀನು ಗೊರಕೆ ಒಡೀತೀಯ, ಅಷ್ಟೇ" ಅನ್ನೋರು. ಬಿಲ್ಲು ಮುಗೀತು. ಹೆದೆ ಒಂದು ಬಾಕಿ ಇತ್ತು. ಹೋದ ವರ್ಷ ಯುಗಾದಿ ಕಳೆದು ನಾಲ್ಕು ದಿನಕ್ಕೆ ಸ್ಟ್ರೋಕ್ ಆಗಿ ಬಲಗೈ, ಮಾತು ಎರಡೂ ಹೋಯ್ತು.

ಮಾತು ಪೂರ್ತಿ ಹೋಗ್ಲಿಲ್ಲ ಅನ್ನಿ. ಬಾ, ಬೇಡ, ನೀರು, ಬಿಚ್ಚು, ಎದೆ. ಅದರ ಜೊತೆಗೆ ಒಂದು ಬೈಗುಳ. ಮಿಕ್ಕಿದ್ದೆಲ್ಲ ತೊದಲು, ಆ ಬೈಗುಳ ಮಾತ್ರ ಗಂಟೆ ಹೊಡೆದಂಗೆ ಸ್ಪಷ್ಟವಾಗಿ ಬರ್ತಿತ್ತು. ಅದು ಏನು ಅಂತ ಇಲ್ಲಿ ಬರೆಯಲ್ಲ, ಸೊಸೆನೂ ಓದ್ತಾಳೆ.

ಮಳೆಗಾಲ ಶುರುವಾಯ್ತು. ಸಿಂಚನ ಆಗ ಫಸ್ಟ್ ಪಿಯುಸಿ. ಎರಡು ವರ್ಷದಿಂದ ಬಿದಿರು ಬಿಲ್ಲಲ್ಲಿ ಬಿಲ್ಲುವಿದ್ಯೆ ಕಲೀತಿದ್ಲು. ವಿಜಯದಶಮಿಗೆ ಈ ಸಲ ತಾತನ ಹೊಸ ಬಿಲ್ಲಲ್ಲಿ ತಾನೇ ಅಂಬು ಹೊಡೀತೀನಿ ಅಂದ್ಲು. ನಮ್ಮನೇಲಿ ಹೆಣ್ಣು ಹುಡುಗಿ ಹೊಡೆದಿದ್ದಿಲ್ಲ. ಗುಡಿಯೋರು ಗೊಣಗ್ತಾರೆ ಅಂತ ಮಹೇಶ ರಾಗ ಎಳೆದ. ಯಜಮಾನ್ರು ಕುರ್ಚಿಲಿ ಕೂತಲ್ಲಿಂದಲೇ ಎಡಗೈ ಎತ್ತಿ "ಬಾ" ಅಂದ್ರು ಅವಳಿಗೆ. ಅಲ್ಲಿಗೆ ತೀರ್ಮಾನ ಆಯ್ತು.

ಆದ್ರೆ ಹೆದೆ ಯಾವುದರಿಂದ ಮಾಡೋದು? ಹೇಳ್ಬೇಕಾದೋರಿಗೆ ಮಾತಿಲ್ಲ. ಹಳೇ ಕಾಲದಲ್ಲಿ ಹೊಸೀತಿದ್ದೋರು ನಮ್ಮತ್ತೆ. ಬಚ್ಚಲ ಪಕ್ಕ ತೊಟ್ಟಿಲಿ ಏನನ್ನೋ ಕೊಳೆ ಹಾಕೋರು, ನಾರು ತೆಗೆಯೋರು, ನನ್ನನ್ನ ಕರೆದು ತುದಿ ಹಿಡ್ಕೋ ಅನ್ನೋರು. ನಾನು ಹಿಡ್ಕೋತಿದ್ದೆ, ಕಣ್ಣು ಮಾತ್ರ ಬೀದಿಲಿ ಹೋಗೋ ಬಳೆಗಾರನ ಮೇಲೆ. ಏನು ಗಿಡ, ಎಷ್ಟು ದಿನ ನೆನೆ ಹಾಕ್ತಾರೆ, ಒಂದನ್ನೂ ನೋಡ್ಲಿಲ್ಲ. ವಾಸನೆ ಒಂದು ಮೂಗಲ್ಲಿ ಉಳಿದಿತ್ತು.

ಹಂಗಾಗಿ ಒಂದೊಂದೇ ಪರೀಕ್ಷೆ ಮಾಡಿದ್ವಿ. ಮೊದಲು ಮಹೇಶನ ಅಂಗಡಿ ನೈಲಾನ್ ಹಗ್ಗ. ಅದು ಜಗ್ಗುತ್ತೆ. ಎಳೆದಷ್ಟೂ ಬರುತ್ತೆ, ಬಿಟ್ರೆ ಬಾಣ ಸೋಮಾರಿ ಥರ ಹತ್ತು ಹೆಜ್ಜೆ ಹೋಗಿ ಮಲಗುತ್ತೆ. ಆಮೇಲೆ ಹತ್ತಿ ದಾರ, ಹದಿನಾರು ಎಳೆ ಸೇರಿಸಿ. ಮೂರನೇ ಸಲಕ್ಕೆ ಕಿತ್ತು ಸಿಂಚನ ಮುಂಗೈ ಮೇಲೆ ಬರೆ ಎಳೀತು. ಸೆಣಬಿನ ದಾರ ಜುಂಜುಂ ಅಂತ ಎಳೆ ಬಿಟ್ಕೊಳ್ತು. ರೇಷ್ಮೆ ಗಟ್ಟಿ ಅಂತ ಯಾರೋ ಅಂದ್ರು. ನಾನು ಸುಮ್ನಿರ್ತೀನಾ, ನನ್ನ ಧಾರೆ ಸೀರೆ ಸೆರಗಿನ ಎಳೆನೇ ಬಿಡಿಸಿ ಕೊಟ್ಟೆ. ರೇಷ್ಮೆ ಚೆನ್ನಾಗೇ ಎಳೆತ ತಡೀತು, ಗಂಟು ಮಾತ್ರ ನಿಲ್ತಿರ್ಲಿಲ್ಲ, ಜಾರಿ ಜಾರಿ ಬರ್ತಿತ್ತು. ಸವಿತಾ ಸೀರೆ ನೋಡಿ, "ಅತ್ತೆ, ಇದು ನನಗೆ ಕೊಡ್ತೀನಿ ಅಂದಿದ್ರಲ್ಲ" ಅಂದ್ಲು. "ಈಗ್ಲೂ ಕೊಡ್ತೀನಿ, ಸೆರಗು ಒಂದು ಇಲ್ಲ, ಅಷ್ಟೇ" ಅಂದೆ.

ಪ್ರತಿ ಸಲನೂ ಯಜಮಾನ್ರು ಕುರ್ಚಿಯಿಂದ ನೋಡೋರು. ಹೆದೆ ಏರಿಸಿದ್ಮೇಲೆ ಬಿಲ್ಲಿನ ಹೊಟ್ಟೆಗೂ ಹೆದೆಗೂ ನಡುವೆ ಮುಷ್ಟಿ ಇಟ್ಟು ಹೆಬ್ಬೆರಳು ಎತ್ತಿ ಅಳೆಯೋರು, ಅಷ್ಟು ಜಾಗ ಇರ್ಬೇಕು. ಆಮೇಲೆ ಬೆರಳಲ್ಲಿ ಮೀಟಿ ಕಿವಿ ಕೊಡೋರು. ಸದ್ದು ಹಿಡಿಸದಿದ್ರೆ "ಬೇಡ." ದಿನಾ ಬೇಡ.

ಜುಲೈ ತಿಂಗಳ ಒಂದು ಜಿಟಿಜಿಟಿ ಬೆಳಗ್ಗೆ ಸಿಂಚನ ಅವಳ ಕೋಚ್ ಕೊಟ್ಟ ಹೊಸ ಥರದ ಹೆದೆ ತಂದ್ಲು. ನುಣ್ಣಗೆ, ಕಪ್ಪಗೆ, ಹಿಡಿದ್ರೆ ತಂತಿ ಥರ. ಒಂಚೂರೂ ಜಗ್ಗಲ್ಲ. ಹಳೇ ಮರಕ್ಕೆ ಇದು ಜಾಸ್ತಿ ಆಗ್ಬೋದು, ಹುಷಾರು ಅಂತ ಕೋಚೇ ಹೇಳಿದ್ರಂತೆ. ಹೇಳಿದ್ದನ್ನ ಇವಳು ನಮಗೆ ಹೇಳ್ಲಿಲ್ಲ. ಬಾಲ್ಕನಿಲಿ ನಿಂತು ಬಾಣ ಇಲ್ಲದೆ ಸುಮ್ನೆ ಅರ್ಧ ಎಳೆದು ಮೆಲ್ಲಗೆ ಬಿಡ್ತಿದ್ಲು. ಇದ್ದಕ್ಕಿದ್ದಂಗೆ ಯಜಮಾನ್ರು ಕೂಗಿದ್ರು.

"ಎದೆ! ಎದೆ! ಬೇಡ! ಎದೆ!"

ಮುಖ ಕೆಂಪಗೆ, ಕುರ್ಚಿಯಿಂದ ಮುಂದಕ್ಕೆ ಬಿದ್ದೇಬಿಟ್ರು. ಯಾರಿಗೆ ತಾನೇ ಹೆದೆ ನೆನಪಾಗುತ್ತೆ? ಮಹೇಶ ಎತ್ಕೊಂಡು ಕಾರಿಗೆ ಹಾಕಿದ. ನರ್ಸಿಂಗ್ ಹೋಮಲ್ಲಿ ಮೈಯೆಲ್ಲ ವೈರ್ ಅಂಟಿಸಿದ್ರು. ಡಾಕ್ಟರ್ ಚಿಕ್ಕ ವಯಸ್ಸಿನೋರು, ಬಗ್ಗಿ ಕೇಳಿದ್ರು, "ತಾತ, ಎದೆ ನೋವಾ?"

"ಎದೆ! ಎದೆ ಬಿಚ್ಚು!"

ನರ್ಸ್ ಅಂಗಿ ಗುಂಡಿ ಇನ್ನೆರಡು ಬಿಚ್ಚಿದ್ಲು. "ಬಿಚ್ಚಿದೀನಿ ತಾತ, ಆರಾಮಾಗಿರಿ."

"ಎದೆ ಬಿಚ್ಚು!"

"ಪೂರ್ತಿ ಬಿಚ್ಚಿದೀನಲ್ಲ ತಾತ."

ಆಗ ಬಂತು ಆ ಬೈಗುಳ. ವಾರ್ಡಲ್ಲಿ ಎಲ್ಲರೂ ತಿರುಗಿದ್ರು. ನರ್ಸ್ ನನ್ನ ಮುಖ ನೋಡಿದ್ಲು. "ಮಾತು ಬರಲ್ಲ ಅಂದ್ರಲ್ಲ ಆಂಟಿ?"

"ಅದೊಂದು ಬರುತ್ತೆ ಕಣಮ್ಮ."

ಇಡೀ ದಿನ ಅಲ್ಲೇ ಇಟ್ಕೊಂಡ್ರು. ಎದೆಲಿ ಏನೂ ತೊಂದರೆ ಇಲ್ಲ ಅಂತ ಸಂಜೆ ಕಳಿಸಿದ್ರು. ಮನೆಗೆ ಬಂದೋರೇ ನೇರ ಬಾಲ್ಕನಿ ಕಡೆ ಕೈ ತೋರಿಸಿದ್ರು. ಬಿಲ್ಲು ತಂದು ಕೊಟ್ವಿ. ಒಂದೇ ಕೈಲಿ, ಮಂಡಿಗೆ ಒತ್ತಿ, ಹಲ್ಲಲ್ಲಿ ಕಚ್ಚಿ ಆ ಕಪ್ಪು ಹೆದೆ ಕಿತ್ತು ಬಿಸಾಕಿದ್ರು. ಹೆದೆ ಕೂರೋ ಕಚ್ಚಿನ ಹತ್ರ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಇನ್ನೊಂದು ಸಲ ಎಳೆದಿದ್ರೆ ತುದಿ ಹಾರ್ತಿತ್ತು. ಎಲ್ಲರೂ ಬಾಯಿ ಬಿಟ್ಕೊಂಡು ನೋಡಿದ್ವಿ. ಮೊದಲು ಅರ್ಥ ಆಗಿದ್ದು ಸಿಂಚನಗೆ.

"ಅಜ್ಜಿ! ತಾತ ಹೇಳಿದ್ದು ಹೆದೆ! ಎದೆ ಅಲ್ಲ, ಹೆದೆ!"

ನಗು ಶುರುವಾಯ್ತು. ಯಜಮಾನ್ರೂ ಒಂದು ಕಡೆ ಬಾಯಲ್ಲಿ ನಕ್ಕರು. ಮಹೇಶ ಮಾತ್ರ ಸುಸ್ತಾಗಿ ಸೋಫಾ ಮೇಲೆ ಕೂತು ಅಂದ, "ಅಮ್ಮ, ನಮ್ಮ ಮನೆಯೋರಿಗೆ ಒಂದು ಹ ಬಂದಿದ್ರೆ ಒಂದು ದಿನ ಉಳೀತಿತ್ತು. ಇನ್ಮೇಲೆ ಗಾಬರಿ ಬೀಳ್ಬೇಡ. ಮೊದ್ಲು ಯಾವ ಎದೆ ಅಂತ ಕೇಳು."

ಅವತ್ತಿಂದ ಮನೇಲಿ ಎರಡು ಪಾಠ. ನನಗೆ ಸಿಂಚನ ಹ ಹೇಳಿಕೊಡೋಳು. ಕನ್ನಡಿ ಮುಂದೆ ನಿಲ್ಲಿಸಿ, "ಉಸಿರು ಬಿಟ್ಟು ಅನ್ನು ಅಜ್ಜಿ, ಕನ್ನಡಿ ಮೇಲೆ ಮಂಜು ಕೂರ್ಬೇಕು." "ಅ" ಅಂತಿದ್ದೆ. "ಹ!" "ಅ!" ಕೊನೆಗೆ ಎಂಜಲು ಕೂರ್ತಿತ್ತು, ಮಂಜು ಕೂರ್ತಿರ್ಲಿಲ್ಲ. ಯಜಮಾನ್ರಿಗೆ ನಾನು ಪಾಠ ಹೇಳಿದೆ. "ನೋಡಿ, ಬಿಲ್ಲಿನ ಎದೆ ಆದ್ರೆ ಗೋಡೆ ಕಡೆ ಕೈ ತೋರ್ಸಿ. ನಿಮ್ ಎದೆ ಆದ್ರೆ ನಿಮ್ ಎದೆ ಮುಟ್ಕೊಳಿ. ಗೊತ್ತಾಯ್ತಾ?" ಬಿರುಕಿಗೆ ಅಂಟು ತುಂಬಿ, ದಾರ ಸುತ್ತಿ ಬಿಗಿದ್ಮೇಲೆ ಬಿಲ್ಲನ್ನ ಹಾಲ್‌ನ ಗೋಡೆ ಮೊಳೆಗೆ ತೂಗು ಹಾಕಿದ್ವಿ. ಅವ್ರು ಒಳ್ಳೆ ಮಗು ಥರ ಕಲಿತ್ರು. ಅದಾದ್ಮೇಲೆ ಪ್ರತಿ ಸಲ ಎದೆ ಅಂದಾಗ ಎಡಗೈ ಗೋಡೆ ಕಡೆ ಹೋಗ್ತಿತ್ತು. ಒಂದು ಸಲನೂ ತಪ್ಪಲಿಲ್ಲ. ಈ ಮಾತು ನೆನಪಲ್ಲಿಟ್ಕೊಳ್ಳಿ. ನಾನಂತೂ ಮರೆಯೋಕೆ ಆಗಿಲ್ಲ.

ಗಿಡ ಸಿಕ್ಕಿದ್ದು ಆಗಸ್ಟಲ್ಲಿ. ನಾಯಂಡಹಳ್ಳಿ ಮೆಟ್ರೋ ಹತ್ರ ನಮ್ಮ ಸಂಬಂಧಿಕರ ಅಪಾರ್ಟ್‌ಮೆಂಟಲ್ಲಿ ಸತ್ಯನಾರಾಯಣ ಪೂಜೆ. ಕೆಳಗಡೆ ಲಿಫ್ಟಿಗೆ ಕಾಯ್ತಾ ನಿಂತಿದ್ದೆ. ಪಕ್ಕದಲ್ಲಿ ಸಾಲಾಗಿ ಬಿಳಿ ಕುಂಡ, ಅದರಲ್ಲಿ ಕತ್ತಿ ಥರ ನಿಂತ ಪಟ್ಟೆ ಎಲೆ. ಈಗ ಎಲ್ಲರ ಮನೇಲೂ ಇದೆಯಲ್ಲ, ಸ್ನೇಕ್ ಪ್ಲಾಂಟ್ ಅಂತಾರೆ. ಕೈ ಸುಮ್ನಿರಲ್ಲ ನನ್ನದು. ಒಂದು ಎಲೆ ತುದಿ ಮುರಿದೆ. ಮುರೀತು, ಆದ್ರೆ ಬಿಡ್ಲಿಲ್ಲ. ಒಳಗಿಂದ ಬೆಳ್ಳಗೆ ಎಳೆ ಎಳೆ ನಾರು. ಮೂಗಿಗೆ ಹಿಡಿದೆ. ಹಸಿ ಸೌತೆಕಾಯಿ! ಅತ್ತೆ ತೊಟ್ಟಿ ಪಕ್ಕ ಹತ್ತೊಂಬತ್ತು ವರ್ಷದ ಸೊಸೆಯಾಗಿ ನಿಂತಂಗಾಯ್ತು. ಮಂಜಿನ ನಾರು ಅಂತಿದ್ರು ಅವ್ರು, ಹೆಸರೂ ಅವಾಗಲೇ ನೆನಪಾಯ್ತು. ಅವ್ರು ಬಂಡೆ ಸಂದಿಯಿಂದ ತರ್ತಿದ್ದ ಎಲೆ ಇನ್ನೂ ಸಪೂರ, ಇದು ಅಗಲ, ಜಾತಿ ಒಂದೇ.

ಪೂಜೆ ಮುಗಿಸಿ ಇಳಿದೋಳು ಕುಂಡಕ್ಕೊಂದರಂತೆ ಎಂಟು ಎಲೆ ಬುಡದಿಂದ ಕಿತ್ತು ಸೆರಗಿನೊಳಗೆ ಸೇರಿಸಿದೆ. ಗೇಟಲ್ಲಿ ಸೆಕ್ಯೂರಿಟಿಯವನು ತಡೆದ.

"ಆಂಟಿ, ಏನದು?"

"ಮೂಲವ್ಯಾಧಿಗೆ ಔಷಧಿ ಕಣಪ್ಪ."

ಅವನು ಆಕಡೆ ಈಕಡೆ ನೋಡಿ ದನಿ ತಗ್ಗಿಸಿದ. "ನಮ್ಮಪ್ಪಂಗೂ ಇದೆ ಆಂಟಿ. ಎಂಗೆ ತಗೋಬೇಕು?"

ಪಾಪ ಅನ್ನಿಸ್ತು. ಎರಡು ಎಲೆ ಅವನಿಗೆ ಕೊಟ್ಟೆ. "ತಿನ್ನಬಾರ್ದು. ದಿಂಬಿನ ಕೆಳಗೆ ಇಟ್ಕೊಂಡು ಮಲಗೋಕೆ ಏಳು. ಕಮ್ಮಿ ಆಗ್ದಿದ್ರೆ ಡಾಕ್ಟರ್ ಹತ್ರ ಓಗು."

ಮನೆಗೆ ಬಂದು ಎಲೆನ ಯಜಮಾನ್ರ ತೊಡೆ ಮೇಲೆ ಇಟ್ಟೆ. ಅವ್ರು ಉಗುರಲ್ಲಿ ಸೀಳಿದ್ರು. ನಾರು ಎಳೆದು ತುಟಿಗೆ ಸವರಿಕೊಂಡ್ರು, ಹೊಸೆಯೋರು ಎಳೆ ಒದ್ದೆ ಮಾಡೋ ಥರ. ಅವರ ಅಮ್ಮ ಹಂಗೇ ಮಾಡ್ತಿದ್ರು. ಆಮೇಲೆ ಗೋಡೆ ಕಡೆ ಕೈ ತೋರಿಸಿ "ಎದೆ" ಅಂದ್ರು. ಕಣ್ಣಲ್ಲಿ ನೀರು. ನಲವತ್ತೆಂಟು ವರ್ಷ ಸಂಸಾರ ಮಾಡಿದೀನಿ, ನನ್ನ ಕಡೆ ಅಷ್ಟು ಮೆಚ್ಚಿ ನೋಡಿದ್ದು ಅದೊಂದೇ ಸಲ ಅನ್ನಿ.

ಎಲೆ ಹನ್ನೆರಡು ದಿನ ಬಕೆಟ್ಟಲ್ಲಿ ಕೊಳೀತು. ಕೆಳಗಡೆ ಮನೆ ಬಾಡಿಗೆಯೋರು ಚರಂಡಿ ಕಟ್ಕೊಂಡಿದೆ ಅಂತ ಪ್ಲಂಬರ್ ಕರೆಸಿದ್ರು. ನಾನು ಮೇಲಿಂದ ಬಗ್ಗಿ, "ಅಯ್ಯೋ ಔದಾ, ನಮಗೂ ಬರ್ತಿದೆ ವಾಸನೆ" ಅಂದೆ. ಕೊಳೆತಿದ್ದನ್ನ ಹಲಗೆ ಮೇಲಿಟ್ಟು ಮೊಂಡು ಚಾಕುಲಿ ಹೆರೆದ್ರೆ ಲೋಳೆ ಹೋಗಿ ನಾರು ನಿಲ್ಲುತ್ತೆ. ತೊಳೆದು ನೆರಳಲ್ಲಿ ಒಣಗಿಸಿದ್ವಿ. ಎರಡು ಪಾಲು ಮಾಡಿ ಒಂದೊಂದನ್ನೂ ಬಲಕ್ಕೆ ಹುರಿ ಹಾಕಿ, ಆಮೇಲೆ ಎರಡನ್ನೂ ಸೇರಿಸಿ ಎಡಕ್ಕೆ ಹೊಸೆದ್ರೆ ಒಂದಕ್ಕೊಂದು ಕಚ್ಕೊಂಡು ನಿಲ್ಲುತ್ತೆ. ಒಂದು ತುದಿ ನಾನು, ಇನ್ನೊಂದು ತುದಿ ಸಿಂಚನ, ನಡುವೆ ಯಜಮಾನ್ರ ಎಡಗೈ, ಎಲ್ಲಿ ದಪ್ಪ ಎಲ್ಲಿ ಸಣ್ಣ ಅಂತ ಸವರ್ತಾ. ಮೊದಲನೇದು ಕಿತ್ತೋಯ್ತು. ಎರಡನೇದು ಮಳೆ ಥಂಡಿಗೆ ಜೋಲು ಬಿತ್ತು. ಮೂರನೇದಕ್ಕೆ ಜೇನುಮೇಣ ತಿಕ್ಕಿದ್ವಿ. ನವರಾತ್ರಿ ಎರಡನೇ ದಿನ ಸಂಜೆ ಅದನ್ನ ಏರಿಸಿ, ಮುಷ್ಟಿ ಇಟ್ಟು ನೋಡಿ, ಯಜಮಾನ್ರು ಮೀಟಿದ್ರು. ಡುಂ ಅಂತ ಮೆತ್ತಗೆ, ತಂಬೂರಿ ಥರ. ಬೇಡ ಅನ್ಲಿಲ್ಲ. ಸಿಂಚನ ಟೆರೇಸಲ್ಲಿ ಹಳೇ ಹಾಸಿಗೆಗೆ ನಾಲ್ಕು ಬಾಣ ಹೊಡೆದ್ಲು. ನಾಲ್ಕೂ ನೆಟ್ವು. ಕುಣೀತಾ ಕೆಳಗೆ ಬಂದು ಬಿಲ್ಲನ್ನ ಮೊಳೆಗೆ ಹಾಕಿದ್ಲು.

ಹೆದೆ ಇಳಿಸೋದು ಮರೆತ್ಲು. ಏರಿಸಿದ ಹೆದೆನ ಕೆಲಸ ಆದ್ಮೇಲೆ ಇಳಿಸ್ಲೇಬೇಕು, ಇಲ್ದಿದ್ರೆ ಮರ ಬಗ್ಗಿ ಹಂಗೇ ನಿಂತು ಶಕ್ತಿ ಕಳ್ಕೊಳ್ಳುತ್ತೆ.

ಮಾರನೇ ದಿನ ಬೆಳಗ್ಗೆ ಹತ್ತು ಗಂಟೆ. ಮಹೇಶ ಅಂಗಡಿಗೆ, ಸವಿತಾ ಅವಳು ಪಾಠ ಹೇಳೋ ಸ್ಕೂಲಿಗೆ, ಸಿಂಚನ ಕಾಲೇಜಿಗೆ. ಮನೇಲಿ ನಾವಿಬ್ಬರೇ. ನಾನು ನೆಲದ ಮೇಲೆ ಕೂತು ಇನ್ನೊಂದು ಹೆದೆಗೆ ನಾರು ಹೆರೀತಿದ್ದೆ, ಕಿತ್ತೋದ್ರೆ ಇರ್ಲಿ ಅಂತ. ಕೈಯೆಲ್ಲ ಲೋಳೆ. ಕುರ್ಚಿಯಿಂದ ಮಾತು ಬಂತು.

"ಎದೆ."

ತಲೆ ಎತ್ತಿ ನೋಡ್ದೆ. ಅವರ ಎಡಗೈ ಎದೆ ಮೇಲಿತ್ತು. ನೋಡಿದೆ ನಾನು. ನೋಡ್ಲಿಲ್ಲ ಅಂತ ನನಗೆ ನಾನೇ ಎಷ್ಟೋ ಸಲ ಹೇಳ್ಕೊಂಡಿದೀನಿ, ಆದ್ರೆ ನೋಡಿದೆ. ಆಮೇಲೆ ಗೋಡೆ ನೋಡ್ದೆ. ಬಿಲ್ಲು ಬಗ್ಗಿಕೊಂಡೇ ನೇತಾಡ್ತಿತ್ತು, ಹೆದೆ ಇಳಿಸಿಲ್ಲ. ಓ, ಇದಕ್ಕೇ ಅಂದ್ಕೊಂಡೆ.

"ಬೆಳ್ಬೆಳಗ್ಗೆನೇ ಶುರು ಅಚ್ಕೊಂಡ್ರಾ? ನಿಮ್ ಮೊಮ್ಮಗಳು ಮರ್ತವ್ಳೆ. ಇಳಿಸ್ತೀನಿ, ಇರಿ."

ಕೈ ತೊಳೆದು, ಬಿಲ್ಲು ಇಳಿಸಿ, ಮಂಡಿ ಕೊಟ್ಟು ಬಗ್ಗಿಸಿದೆ. ನನ್ನ ಕೈಲೆಲ್ಲಿ ಶಕ್ತಿ. ಜಾರ್ತು, ಮತ್ತೆ ಹಿಡಿದೆ, ಮತ್ತೆ ಜಾರ್ತು. ಬೈಕೊಂಡು, ನಗ್ತಾ, ಅವರಿಗೆ ತಮಾಷೆ ಮಾಡ್ತಾ ಇಳಿಸಿದೆ. "ಎದೆ" ಅಂದ್ರು ಮತ್ತೆ, ಈ ಸಲ ಸಣ್ಣಗೆ. "ಆಯ್ತು ಮಾರಾಯ್ರೇ, ಇಳಿಸ್ದೆ. ನೋಡಿ, ಮೇಣನೂ ತಿಕ್ತೀನಿ, ಸಮಾಧಾನಾನಾ?" ಅಂದು ಅವರ ಎದುರಿಗೇ ಕೂತು, ಒಂದು ತುದಿಯಿಂದ ಇನ್ನೊಂದು ತುದೀವರೆಗೂ ನಿಧಾನಕ್ಕೆ ಮೇಣ ತಿಕ್ಕಿದೆ. ಅವ್ರು ನನ್ನನ್ನೇ ನೋಡ್ತಿದ್ರು. ಬೈಗುಳ ಬರ್ಲಿಲ್ಲ. ಅದು ಬಂದಿದ್ರೆ ನಾನು ಎದ್ದು ಯಾರನ್ನಾದ್ರೂ ಕರೀತಿದ್ನೋ ಏನೋ. ಕಾಫಿ ತರೋಣ ಅಂತ ಒಳಗೆ ಹೋಗಿ ಬರೋಷ್ಟರಲ್ಲಿ ಕತ್ತು ವಾಲಿತ್ತು.

ಆಸ್ಪತ್ರೆಲಿ ಡಾಕ್ಟರ್ ಕೇಳಿದ್ರು, "ಅಮ್ಮ, ಎಷ್ಟೊತ್ತಿಂದ ನೋವು ಅಂತಿದ್ರು?"

ಮಹೇಶ ನನ್ನ ಮುಖ ನೋಡ್ತಿದ್ದ. "ಈಗ್ತಾನೆ" ಅಂದೆ.

ಮುಕ್ಕಾಲು ಗಂಟೆ ಆಗಿತ್ತು. ಆ ಮುಕ್ಕಾಲು ಗಂಟೆ ಇದ್ದಿದ್ರೆ ಉಳೀತಿದ್ರಾ ಅಂತ ನಾನು ಯಾರನ್ನೂ ಕೇಳ್ಲಿಲ್ಲ. ಕೇಳಿದ್ರೆ ಸುಳ್ಳು ಗೊತ್ತಾಗುತ್ತೆ. ಮೂರು ದಿನ ಐಸಿಯುಲಿ ಇದ್ದು ಹೋದ್ರು. ಸೂತಕ ಅಂತ ಆ ವರ್ಷ ನಮ್ಮನೆಯಿಂದ ಅಂಬು ಹೋಗ್ಲಿಲ್ಲ. ಬಿಲ್ಲನ್ನ ಸಿಂಚನ ಹಳೇ ಪಂಚೆಲಿ ಸುತ್ತಿ ಬೀರು ಮೇಲೆ ಹಾಕಿದ್ಲು. ಬಿಲ್ಲುವಿದ್ಯೆಗೆ ಹೋಗೋದು ಬಿಟ್ಲು. ದುಃಖಕ್ಕೆ ಹಂಗಾಡ್ತಾಳೆ ಅಂತ ಎಲ್ಲರೂ ಅಂದ್ಕೊಂಡ್ವಿ. ನಾನೂ ಅಷ್ಟೇ ಅಂದ್ಕೊಂಡೆ, ನನಗೆ ನನ್ನದೇ ಸಾಕಾಗಿತ್ತು. ಮನೇಲಿ ಯಾರಾದ್ರೂ ಎದೆ ಅಂದ್ರೆ ಎದ್ದು ಅಡುಗೆಮನೆಗೆ ಹೋಗ್ತಿದ್ದೆ.

ಈಗ ಈ ಬಕೆಟ್ಟು.

ನಿನ್ನೆ ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ ಕರೆದ್ಲು. ಟೆರೇಸಲ್ಲಿ, ತಾತ ಬಿಲ್ಲು ಕೆತ್ತುತ್ತಿದ್ದ ಜಾಗದಲ್ಲೇ ಚಾಪೆ ಹಾಸಿದ್ಲು. ನಾರು ತೊಳೆದು ಒಣಗಿಸಿ ಎರಡು ಪಾಲು ಮಾಡಿಟ್ಟಿದ್ಲು. ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ತಾನು ಹಿಡಿದು ಹುರಿ ಹಾಕೋಕೆ ಶುರು ಮಾಡಿದ್ಲು. ಏನೂ ಅನ್ಲಿಲ್ಲ ಅಂತ ಹೇಳ್ಬೇಕು ಅಂತ ನಾನು ರೆಡಿ ಮಾಡ್ಕೊಂಡಿದ್ದೆ. ತಾತ ಏನೂ ಅನ್ಲಿಲ್ಲ ಕಣೇ, ಸುಮ್ನೆ ಕಣ್ಣು ಮುಚ್ಚಿದ್ರು.

ಅವಳು ಬೇರೆ ಥರ ಕೇಳಿದ್ಲು.

"ಅಜ್ಜಿ, ಅವತ್ತು ನಾನು ಹೆದೆ ಇಳಿಸದೇನೇ ಕಾಲೇಜಿಗೆ ಹೋಗಿದ್ದೆ. ಆಸ್ಪತ್ರೆಯಿಂದ ಸಂಜೆ ಬಂದು ನೋಡಿದ್ರೆ ಇಳಿಸಿತ್ತು. ಮೇಣನೂ ತಿಕ್ಕಿತ್ತು. ನೀನೇ ತಾನೇ?"

"ಊಂ."

"ತಾತ ಹೇಳಿದ್ರು, ಅದಕ್ಕೇ ನೀನು ಇಳಿಸ್ದೆ. ಹೌದಲ್ವಾ?" ಹುರಿ ಹಾಕ್ತಾನೇ ಇದ್ಲು, ತಲೆ ಎತ್ತಲಿಲ್ಲ. "ಬಿಲ್ಲು ಹಾಳಾಗುತ್ತೆ ಅಂತ ಬೆಳಗ್ಗೆಯಿಂದ ಅದನ್ನೇ ನೋಡ್ಕೊಂಡು ಒದ್ದಾಡಿರ್ತಾರೆ. ಹೋದ ಸಲ ಕುರ್ಚಿಯಿಂದ ಬಿದ್ರಲ್ಲ, ಹಂಗೆ. ನಾನು ಇಳಿಸಿದ್ರೆ ಏನೂ ಆಗ್ತಿರ್ಲಿಲ್ಲ. ಗೊತ್ತು ನಂಗೆ. ನೀನು ಮುಚ್ಚಿಡ್ಬೇಡ."

ಒಂದು ವರ್ಷ. ಆ ಮಗು ಒಂದು ವರ್ಷ ಅದನ್ನ ಹೊತ್ಕೊಂಡು ನನ್ನ ಎದುರಿಗೇ ಉಂಡು, ನನಗೆ ಫೋನಲ್ಲಿ ಹ ಎಲ್ಲಿದೆ ಅಂತ ತೋರಿಸ್ತಿತ್ತು. ನನ್ನದನ್ನ ನಾನು ಮುಚ್ಚಿಟ್ಟಿದ್ದಕ್ಕೆ ಅದು ಹೋಗಿ ಅವಳ ಮೇಲೆ ಕೂತಿತ್ತು.

"ಅಲ್ಲ ಕಣೇ" ಅಂದೆ. "ಅವ್ರು ಬಿಲ್ಲು ನೋಡ್ಲೇ ಇಲ್ಲ. ಗೋಡೆ ಕಡೆ ಕೈ ತೋರಿಸ್ಲಿಲ್ಲ. ಕೈ ಎದೆ ಮೇಲಿತ್ತು."

ಅವಳ ಕೈ ನಿಂತುಹೋಯ್ತು. "ಹೆದೆ ಮೇಲಾ? ಬಿಲ್ಲು ಅವರ ಹತ್ರ ಇತ್ತಾ?"

"ಎದೆ ಮೇಲೆ."

"ಅದೇ ಅಜ್ಜಿ, ಹೆದೆ ಮೇಲೆ ಅಂದ್ರೆ..."

ಅರ್ಥ ಆಗ್ಲಿಲ್ಲ ಅವಳಿಗೆ. ನನ್ನ ಬಾಯಲ್ಲಿ ಎರಡೂ ಒಂದೇ. ಇಷ್ಟು ದಿನ ಅದರ ಹಿಂದೆನೇ ಬಚ್ಚಿಟ್ಕೊಂಡಿದ್ದೆ ನಾನು. ಹಿಡಿದಿದ್ದ ತುದಿ ಬಿಟ್ಟೆ. ಮುಂದಕ್ಕೆ ಸರಿದು ಅವಳ ಕೈ ತಗೊಂಡು ನನ್ನ ಎದೆ ಮೇಲೆ ಒತ್ತಿ ಇಟ್ಕೊಂಡೆ.

"ಇಲ್ಲಿ. ಇಲ್ಲಿತ್ತು ಕೈ. ನಾನು ನೋಡ್ದೆ. ನೋಡಿನೂ ಎದ್ದೋಗಿ ಬಿಲ್ಲು ಇಳಿಸ್ದೆ. ಮುಕ್ಕಾಲು ಗಂಟೆ. ಡಾಕ್ಟರಿಗೆ ಈಗ್ತಾನೆ ಅಂತ ಸುಳ್ಳು ಏಳ್ದೆ. ನಿಂದು ಏನೂ ಇಲ್ಲ ಇದ್ರಲ್ಲಿ. ನಂದು."

ಅವಳು ಕೈ ಕಿತ್ಕೊಳ್ಳಲಿಲ್ಲ. ನನ್ನ ಮುಖ ನೋಡ್ಲಿಲ್ಲ. ಬಿಟ್ಟ ತುದಿಯಿಂದ ಹುರಿಯೆಲ್ಲ ಗರಗರ ತಿರುಗಿ ಬಿಚ್ಕೊಂಡು ಚಾಪೆ ಮೇಲೆ ಸುತ್ತಿ ಬಿದ್ದಿತ್ತು, ಅದನ್ನೇ ನೋಡ್ತಿದ್ಲು. ಕೆಳಗಡೆ ರಸ್ತೇಲಿ ಸೊಪ್ಪಿನವಳು ಒಂದು ಸಲ ಕೂಗ್ಕೊಂಡು ಹೋಗಿ, ಆ ತುದಿ ಮುಟ್ಟಿ, ವಾಪಸ್ ಬಂದ್ಲು. ಆಮೇಲೆ ಸಿಂಚನ ಕೇಳಿದ್ಲು, "ಅಪ್ಪಂಗೆ ಹೇಳ್ತೀಯಾ?"

"ಏಳ್ತೀನಿ. ಅವನು ಬೈದ್ರೆ ಬೈಲಿ."

"ಬಯ್ಯಲ್ಲ. ಅಳ್ತಾನೆ. ಯಾವ ಎದೆ ಅಂತ ಕೇಳು ಅಂತ ನಿಂಗೆ ಹೇಳ್ಕೊಟ್ಟಿದ್ದು ಅಪ್ಪಾನೇ ಅಲ್ವಾ."

ಅದನ್ನ ನಾನು ಯೋಚನೆನೇ ಮಾಡಿರ್ಲಿಲ್ಲ.

ಅವಳು ಎದ್ದು ಕೆಳಗೆ ಹೋಗ್ತಾಳೆ ಅಂದ್ಕೊಂಡೆ. ಹೋಗ್ಲಿಲ್ಲ. ಕಣ್ಣು ಒರೆಸ್ಕೊಂಡು, ಸುತ್ತಿ ಬಿದ್ದಿದ್ದ ನಾರನ್ನ ಬಿಡಿಸಿ, ನೀರು ಸವರಿ, ನೇರ ಮಾಡಿದ್ಲು. ಒಂದು ತುದಿ ಮತ್ತೆ ನನ್ನ ಕಡೆ ಚಾಚಿದ್ಲು.

"ಹಿಡ್ಕೋ ಅಜ್ಜಿ. ಈ ಸಲ ಬಿಡ್ಬೇಡ, ಎಲ್ಲಾ ಬಿಚ್ಕೊಳ್ಳುತ್ತೆ."

"ಇಡ್ಕೊಂಡಿದೀನಿ" ಅಂದೆ.

ಅವಳು ತಿದ್ದಲಿಲ್ಲ.